ಬೆಂಕಿಗೂಡಿನಲ್ಲಿ ಕೂತ ದೇವರು

ಹೋದ ತಿಂಗಳು ಮಗ ನನ್ನನ್ನು ಒಂದು ಮನೆ ನೋಡಲು ಕರೆದುಕೊಂಡು ಹೋದ. ಚಿತ್ರದುರ್ಗದ ಹೊರಗಿನ ಬಡಾವಣೆಯಲ್ಲಿ ಹಳೆಯ ಬಂಗಲೆಯೊಂದು ಮಾರಾಟಕ್ಕಿದೆ, ಪೂರ್ತಿ ರಿಪೇರಿ ಮಾಡಿ ಮೊದಲಿದ್ದ ಹಾಗೇ ನಿಲ್ಲಿಸಿದ್ದಾರೆ ಎಂದಷ್ಟೇ ಹೇಳಿದ್ದ. ಗೇಟಿನ ಮುಂದೆ ಇಳಿದಾಗಲೂ ನನಗೆ ಗುರುತು ಹತ್ತಲಿಲ್ಲ. ಸುತ್ತಲೂ ಮೂರಂತಸ್ತಿನ ಮನೆಗಳು, ಒಂದು ಕಲ್ಯಾಣ ಮಂಟಪ, ದೂರದ ಗುಡ್ಡಗಳ ಮೇಲೆ ಗಾಳಿ ಯಂತ್ರಗಳು. ಒಳಗೆಲ್ಲ ಹೊಸ ಬಣ್ಣದ, ವಾರ್ನಿಷಿನ ವಾಸನೆ. ನಡುಮನೆಯ ಗೋಡೆಯೊಳಗಿದ್ದ ಬೆಂಕಿಗೂಡಿನ ಹತ್ತಿರ ಬಗ್ಗಿದೆ ನೋಡಿ, ಅಲ್ಲಿ ಮಾತ್ರ ಬೇರೆ ವಾಸನೆ... ಎಣ್ಣೆದೀಪದ ಮಸಿ, ಅದರ ಜೊತೆಗೆ ಹಳೆಯ ಕಂಬಳಿ. ಇಟ್ಟಿಗೆಗಳನ್ನು ಎಷ್ಟು ತಿಕ್ಕಿ ತೊಳೆದಿದ್ದರೂ ಅದು ಹೋಗಿರಲಿಲ್ಲ.

"ಅಯ್ಯೋ, ಇದು ಅಜ್ಜಿ ಮನೆ ಕಣೋ" ಎಂದೆ.

ಮಗ ನನ್ನ ಮುಖ ನೋಡಿದ. ನನಗೆ ದುರ್ಗದಲ್ಲಿ ಅಜ್ಜಿ ಯಾರೂ ಇರಲಿಲ್ಲವೆಂದು ಅವನಿಗೆ ಗೊತ್ತು.

ಅಜ್ಜಿ ನನ್ನ ನೆಂಟರಲ್ಲ, ಮನೆಯೊಡತಿ. ಎಪ್ಪತ್ತರ ದಶಕದ ಮೊದಲಲ್ಲಿ, ಮದುವೆಯಾದ ಹೊಸತರಲ್ಲಿ, ನಾನು ಮತ್ತು ನನ್ನ ಗಂಡ ಈ ಬಂಗಲೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಮುಂಚೆ ಅಲ್ಲಿ ಬಂಗಲೆಯ ಇಂಗ್ಲಿಷ್ ದೊರೆಯ ಅಡುಗೆಯವನು ಇದ್ದನಂತೆ. ಸ್ವಾತಂತ್ರ್ಯ ಬಂದ ಸಮಯದಲ್ಲಿ ಆ ದೊರೆ ಊರು ಬಿಟ್ಟು ಹೊರಟಾಗ, ಕಂಬಳಿ ವ್ಯಾಪಾರದಲ್ಲಿ ನಾಲ್ಕು ಕಾಸು ಮಾಡಿದ್ದ ಅಜ್ಜಿಯ ಯಜಮಾನರು ಬಂಗಲೆ ಕೊಂಡರು. ಆದಿವಾಲದ ಕಡೆ ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದ ಹೆಂಗಸು ಕಮಾನಿನ ಜಗಲಿ, ಬಣ್ಣದ ಗಾಜು, ಮರದ ಮೆಟ್ಟಿಲಿರುವ ಮನೆಗೆ ಬಂದು ಇಳಿದಳು. ನಾನು ಹೋಗುವ ಹೊತ್ತಿಗೆ ಯಜಮಾನರು ತೀರಿಕೊಂಡು ವರ್ಷಗಳೇ ಆಗಿದ್ದವು. ಮನೆಯಲ್ಲಿ ಅಜ್ಜಿ, ಅವಳ ಮಗ, ಸೊಸೆ ಇದ್ದರು.

ಆ ಬೆಂಕಿಗೂಡನ್ನು ಅಜ್ಜಿ ಮೊದಲ ದಿನವೇ ದೇವರ ಗೂಡೆಂದು ತೀರ್ಮಾನಿಸಿದ್ದಳು. ಗೋಡೆಯೊಳಗೆ ಚೊಕ್ಕವಾದ ಗೂಡು, ಸುತ್ತ ಕೆತ್ತನೆ, ಒಳಗೆ ಮಸಿ, ಕೆಳಗೆ ಬೂದಿ. ಮತ್ತೇನಿರುತ್ತೆ? ಕರಿ ಕಂಬಳಿಯನ್ನು ಮಡಿಸಿ ಗದ್ದುಗೆ ಹಾಕಿ, ಅದರ ಮೇಲೆ ಬೀರದೇವರ ಬೆಳ್ಳಿಯ ಮುಖ ಕೂರಿಸಿಬಿಟ್ಟಳು. ದೊರೆಗಳು ಅಲ್ಲಿ ಚಳಿ ಕಾಯಿಸಿಕೊಳ್ಳಲು ಕಟ್ಟಿಗೆ ಸುಡುತ್ತಿದ್ದರು ಎಂದು ನನ್ನ ಗಂಡ ಒಮ್ಮೆ ವಿವರಿಸಲು ಹೋದರು.

"ಅಡಿಗೆ ಮಾಡಾಕಲ್ಲ, ನೀರು ಕಾಸಾಕಲ್ಲ, ಸುಮ್ನೆ ಕಟ್ಟಿಗೆ ಸುಡ್ತಿದ್ರಾ? ಈ ದುರ್ಗದ ಬಿಸ್ಲಾಗೆ?" ಎಂದು ಅಜ್ಜಿ ನಕ್ಕಳು. "ಓದಿದೋರು ಏನೇನೋ ಹೇಳ್ತೀರಪ್ಪ."

ಗುಮಾಸ್ತರಾಗಿದ್ದ ನನ್ನ ಗಂಡ ಆಮೇಲೆ ಆ ವಿಷಯ ಎತ್ತಲಿಲ್ಲ.

ಆ ದೇವರು ಬೇಗ ಉತ್ತರ ಕೊಡುತ್ತಾನೆಂದು ಹೆಸರಾಗಿತ್ತು. ಸೋಮವಾರ ಬಂತೆಂದರೆ ಹೂ ಕೇಳಲು ಜನ ಬರುತ್ತಿದ್ದರು. ಹೆಣ್ಣು ಕೊಡಬಹುದೇ, ಕುರಿಗೆ ಬಂದ ರೋಗ ವಾಸಿಯಾಗುತ್ತದೆಯೇ, ಚಿಕ್ಕಜಾಜೂರಿನಲ್ಲಿ ಅಂಗಡಿ ಇಟ್ಟರೆ ನಡೆಯುತ್ತದೆಯೇ, ಎಲ್ಲವನ್ನೂ ಕೇಳುವರು. ಅಜ್ಜಿ ಎರಡು ಹೂಗಳನ್ನು ನೀರಲ್ಲಿ ಅದ್ದಿ ದೇವರ ಮುಖದ ಎಡಬಲಕ್ಕೆ ಅಂಟಿಸಿ ಕೈಮುಗಿದು ಕೂರುತ್ತಿದ್ದಳು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಬೇರೆ ಗುಡಿಗಳಲ್ಲಿ ಗಂಟೆಗಟ್ಟಲೆ ಕಾಯಬೇಕು. ಇಲ್ಲಿ ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಉತ್ತರ ಬಂದುಬಿಡುತ್ತಿತ್ತು.

ಕಾರಣ ನನಗೆ ಗೊತ್ತಾಯಿತು. ಮಧ್ಯಾಹ್ನ ಮಾಡಲು ಕೆಲಸವಿಲ್ಲದ ನಾನು ನಡುಮನೆಯಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ. ಗೂಡಿನ ಮೇಲೆ ಹೊಗೆ ಹೋಗುವ ಕೊಳವೆ ಇನ್ನೂ ತೆರೆದೇ ಇತ್ತು. ಬಲಕ್ಕಿದ್ದ ಕಿಟಕಿ ತೆಗೆದಿದ್ದರೆ ಗಾಳಿ ಅಲ್ಲಿಂದ ನುಗ್ಗಿ, ದೇವರ ಬಲಕೆನ್ನೆ ಸವರಿಕೊಂಡು ಮೇಲಕ್ಕೆ ಏರುತ್ತಿತ್ತು. ಬಲಗಡೆಯ ಹೂ ಜಾರುತ್ತಿತ್ತು. ಆ ಕಿಟಕಿ ಮುಚ್ಚಿದರೆ ಗಾಳಿ ಎಡಕ್ಕಿದ್ದ ಜಗಲಿ ಬಾಗಿಲಿಂದ ಬರುತ್ತಿತ್ತು, ಎಡಗಡೆಯದು ಜಾರುತ್ತಿತ್ತು. ಬೆಳಕಿಗಾಗಿ ಕಿಟಕಿ ಯಾವಾಗಲೂ ತೆಗೆದೇ ಇರುತ್ತಿದ್ದುದರಿಂದ ಆ ದೇವರು ಬೇಡ ಎಂದದ್ದೇ ಕಡಿಮೆ. ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದ ಮಳೆಗಾಲದಲ್ಲಿ ಮಾತ್ರ ನಮ್ಮ ಬೀದಿಯ ಮದುವೆಗಳು ಮುಂದಕ್ಕೆ ಹೋಗುತ್ತಿದ್ದವು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಒಬ್ಬಳೇ ನಗುವುದರಲ್ಲಿ ಒಂದು ಸುಖವಿತ್ತು.

ಅಜ್ಜಿ ನನ್ನನ್ನು ಚೆನ್ನಾಗಿ ನೋಡಿಕೊಂಡಳು. ನಾನು ಬಸುರಿಯಾದ ಮೇಲಂತೂ ನೀರು ಸೇದಲೂ ಬಿಡುತ್ತಿರಲಿಲ್ಲ. ಬೆಳಗ್ಗೆ ಎದ್ದು ಆ ದೊಡ್ಡ ಮನೆಯ ಒಂದೊಂದು ಗಾಜನ್ನೂ ಒರೆಸುವಳು, ಮೆಟ್ಟಿಲಿನ ಮರಕ್ಕೆ ಎಣ್ಣೆ ತಿಕ್ಕುವಳು. ಬಂಗಲೆಯ ಮೇಲೆ ಅವಳಿಗೆ ಜೀವವೆಂದೇ ನಾನು ತಿಳಿದಿದ್ದೆ.

ನನಗೆ ಏಳು ತಿಂಗಳಿದ್ದಾಗ ದಾವಣಗೆರೆಯ ಕಡೆಯ ಡಾಕ್ಟರೊಬ್ಬರು ಬಂದು ಮನೆ ನೋಡಿ ಹೋದರು. ಇದನ್ನು ಕೊಟ್ಟು ಆದಿವಾಲದಲ್ಲಿ ಜಮೀನು ಕೊಳ್ಳಬೇಕೆಂದು ಅಜ್ಜಿಯ ಮಗ ಓಡಾಡುತ್ತಿದ್ದ. ಬಾಡಿಗೆಯವರು ಬೇರೆ ಮನೆ ನೋಡಿಕೊಳ್ಳಬೇಕಾದೀತು ಎಂದು ನಮಗೂ ಸೂಕ್ಷ್ಮವಾಗಿ ತಿಳಿಸಿದ. ಅಜ್ಜಿ ಮಾತ್ರ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. "ಹೂ ಕೇಳಾಣ. ಕೊಟ್ರೆ ಹೋಗಾಣ" ಎಂದಳು.

ಮಗ ತಾಯಿಯನ್ನು ಅವಳಿಗೆ ಇಷ್ಟವಾದ ಮನೆಯಿಂದ ಎಬ್ಬಿಸುತ್ತಿದ್ದಾನೆ ಎಂದು ನಾನು ಸಿಟ್ಟು ಮಾಡಿಕೊಂಡೆ. ಅಜ್ಜಿಗೆ ನಾನೇ ದಿಕ್ಕು ಎಂಬಂತೆ ಯೋಚಿಸಿದೆ. ನಿಜ ಹೇಳಬೇಕೆಂದರೆ, ಆ ಹೊಟ್ಟೆ ಹೊತ್ತು ಬೀದಿ ಬೀದಿ ಮನೆ ಹುಡುಕುವುದು ನನಗೆ ಬೇಡವಾಗಿತ್ತು. ಎರಡೂ ಒಂದಕ್ಕೊಂದು ಹೊಂದಿಕೊಂಡವು.

ಸೋಮವಾರ ಅಜ್ಜಿ ತಲೆಗೆ ನೀರು ಹಾಕಿಕೊಂಡು ಬಂದು ಗೂಡಿನ ಮುಂದೆ ಕೂತಳು. ಹಿಂದೆ ಮಗ, ಸೊಸೆ, ಅಕ್ಕಪಕ್ಕದ ನಾಲ್ಕು ಜನ. ನಾನು ಗೋಡೆಗೆ ಒರಗಿ ನಿಂತಿದ್ದೆ. ಅಜ್ಜಿ ಹೂ ಅಂಟಿಸುವ ಮೊದಲು ನಾನು ಹೋಗಿ ಕಿಟಕಿಯ ಹತ್ತಿರ ನಿಂತೆ.

"ಗಾಳಿಗೆ ದೀಪ ಆರುತ್ತೆ ಅಜ್ಜಿ. ಮುಚ್ಚಲಾ?"

"ಮುಚ್ಚವ್ವ, ಮುಚ್ಚು" ಎಂದಳು, ತಿರುಗಿಯೂ ನೋಡದೆ.

ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎಡಗಡೆಯ ಹೂ ಕಂಬಳಿಯ ಮೇಲೆ ಬಿತ್ತು. ಮಗ ಎದ್ದು ಜಗಲಿಗೆ ಹೋದ. ಅಜ್ಜಿ ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

ಸಂಜೆ ಹಿತ್ತಲಲ್ಲಿ ಅವಳು ಹಿತ್ತಾಳೆ ಚೊಂಬು ಬೆಳಗುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ನೆಮ್ಮದಿಯ ಮಾತು ಬರುತ್ತದೆಂದು ಕಾದೆ. ಅಜ್ಜಿ ಚೊಂಬಿನಿಂದ ಕಣ್ಣೆತ್ತದೆ ಹೇಳಿದಳು:

"ನನ್ ತಮ್ಮ ಅಲ್ಲೇ ಅವ್ನೆ ಕಣವ್ವ, ಆದಿವಾಲದಾಗೆ. ನಾಕು ಕುರಿ ಕಟ್ಕಂಡು ಅವನ ಹಟ್ಟಿ ಪಕ್ಕ ಇರಾಣ ಅಂತ ಭಾಳ ಆಸೆ ಇತ್ತು. ನಾನೇ ಮಗಂಗೆ ಹೇಳಿದ್ದು ಮಾರು ಅಂತ. ಈ ಮನಿಯಾಗೆ ಕೈ ಎತ್ತಿದ್ರೆ ಸೂರು ಸಿಗಲ್ಲ, ಕೂಗಿದ್ರೆ ನನ್ ಕೂಗೇ ವಾಪಸ್ ಬರ್ತೈತೆ. ಇಪ್ಪತ್ತೈದು ವರ್ಷ ಆತು, ಇನ್ನೂ ಯಾರದ್ದೋ ಮನಿಯಾಗೆ ಇದ್ದಂಗೈತೆ... ಹೋಗ್ಲಿ ಬಿಡು. ದ್ಯಾವ್ರೇ ಬ್ಯಾಡ ಅಂದ."

"ಮತ್ತೆ ದಿನಾ ಅಷ್ಟೊಂದು ಒರೆಸ್ತೀರಲ್ಲ ಅಜ್ಜಿ?"

"ಬ್ಯಾರೇರ ಮನಿ ಅಂದ್ಮ್ಯಾಲೆ ಚೆನ್ನಾಗಿ ಇಟ್ಕಬೇಕಲ್ಲವ್ವ" ಎಂದಳು.

ಕಿಟಕಿಯ ಮಾತು ನನ್ನ ಬಾಯಿಯವರೆಗೆ ಬಂತು. ಹೇಳಿದ್ದರೆ ಮುಂದಿನ ಸೋಮವಾರ ಮತ್ತೆ ಹೂ ಇಡಬಹುದಿತ್ತು, ಡಾಕ್ಟರು ಇನ್ನೂ ಕಾಯುತ್ತಿದ್ದರು. ಆದರೆ ಹೇಳಿದರೆ ಬೀದಿಯ ಜನಕ್ಕೆ ಅಲ್ಲಿಯವರೆಗೆ ಸಿಕ್ಕ ಉತ್ತರಗಳೆಲ್ಲ ಗಾಳಿಯವೆಂದು ಹೇಳಿದ ಹಾಗಾಗುತ್ತಿತ್ತು, ಅಜ್ಜಿಯ ದೇವರನ್ನೇ ಕಿತ್ತುಕೊಂಡ ಹಾಗಾಗುತ್ತಿತ್ತು. ಹೀಗೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ನನಗೆ ಹೆದರಿಕೆ ಇದ್ದದ್ದು ಅಜ್ಜಿ ನನ್ನ ಜೊತೆ ಮಾತು ಬಿಟ್ಟಾಳೆಂದು. ಅಷ್ಟೇ. ಅವಳ ಕೈಯಿಂದ ಚೊಂಬು ತೆಗೆದುಕೊಂಡು ನಾನು ತೊಳೆಯತೊಡಗಿದೆ.

ನನಗೆ ಗಂಡುಮಗು ಹುಟ್ಟಿತು. ಬಾಣಂತನದಲ್ಲಿ ಅಜ್ಜಿಯೇ ಎಣ್ಣೆ ತಿಕ್ಕಿ ಎರೆದಳು, ಮಗುವಿಗೆಂದು ಮೆತ್ತನೆಯ ಕುರಿಮರಿ ಉಣ್ಣೆಯ ಕಂಬಳಿ ತರಿಸಿಕೊಟ್ಟಳು. ಮಗುವಿಗೆ ವರ್ಷ ತುಂಬುವ ಮೊದಲೇ ಗಂಡನಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಯಾವ ಮನೆ ಬಿಡಲಾರೆನೆಂದು ಅಷ್ಟೆಲ್ಲ ಮಾಡಿದೆನೋ ಅದನ್ನು ಒಂದೇ ಲಾರಿಯಲ್ಲಿ ಬಿಟ್ಟು ಹೊರಟೆ. ಆಮೇಲೆ ಹೊಳಲ್ಕೆರೆ, ಇನ್ನೊಂದೂರು, ಮತ್ತೊಂದೂರು... ದುರ್ಗಕ್ಕೆ ಬಂದಾಗಲೂ ಆ ಕಡೆ ಕಾಲಿಡಲಿಲ್ಲ. ಸಮಯವಿಲ್ಲ ಎನ್ನುತ್ತಿದ್ದೆ.

ಬಹಳ ವರ್ಷಗಳ ಮೇಲೆ ಹಿರಿಯೂರಿನ ಒಂದು ಮದುವೆಯಲ್ಲಿ ಅಜ್ಜಿಯ ಸೊಸೆ ಸಿಕ್ಕಳು. ತಮ್ಮ ಸತ್ತಾಗ ಅಜ್ಜಿ ಬಸ್ಸಿನಲ್ಲಿ ಆದಿವಾಲಕ್ಕೆ ಹೋಗಿ, ಮಣ್ಣು ಮಾಡಿ, ದೇವರಿಗೆ ದೀಪ ಹಚ್ಚಬೇಕೆಂದು ಅದೇ ಸಂಜೆ ವಾಪಸು ಬಂದಳಂತೆ. ಇನ್ನೊಂದು ಸಲ ಹೂ ಕೇಳೋಣ ಎಂದು ಮಗ ಗೋಗರೆದನಂತೆ. "ಒಂದ್ಸಲ ಬ್ಯಾಡ ಅಂದೋನ್ನ ಮತ್ತೆ ಕೇಳಿದ್ರೆ ಅವನ ಮಾತಿಗೆ ಏನು ಬೆಲೆ ಬಂತು?" ಎಂದಳಂತೆ. ಕೊನೆಗೆ ಆ ನಡುಮನೆಯಲ್ಲೇ ಕಣ್ಣು ಮುಚ್ಚಿದಳು. ಮಗ ಮನೆ ಮಾರಿದ್ದು ಆಮೇಲೆಯೇ. ಸೊಸೆ ಇದನ್ನೆಲ್ಲ ಹೇಳುವಾಗ ನನ್ನ ಎಲೆಯಲ್ಲಿ ಹೋಳಿಗೆ ಹಾಗೇ ಉಳಿದಿತ್ತು. ಊಟ ಬಿಡಬೇಡ ಎಂದು ಅವಳೇ ನನಗೆ ಉಪಚಾರ ಮಾಡಿದಳು.

ಹೋದ ತಿಂಗಳು ಆ ಗೂಡಿನ ಮುಂದೆ, ಮನೆ ತೋರಿಸಲು ಬಂದಿದ್ದ ದಲ್ಲಾಳಿ ಕೈ ಆಡಿಸುತ್ತ ವಿವರಿಸುತ್ತಿದ್ದ. "ವಿಕ್ಟೋರಿಯಾ ರಾಣಿ ಕಾಲದ್ದು ಸಾರ್. ನೋಡ್ರಿ ಬೇಕಾದ್ರೆ, ಚಿಮಣಿ ಈಗ್ಲೂ ಗಾಳಿ ಎಳೀತೈತೆ." ಮಗ ಬಗ್ಗಿ ನೋಡಿದ. ಅವನಿಗೆ ಮನೆ ಹಿಡಿಸಿತ್ತು.

ವಾಪಸು ಬರುವಾಗ ಕಾರಿನಲ್ಲಿ ಅವನಿಗೆ ಎಲ್ಲ ಹೇಳಿದೆ. ಐವತ್ತು ವರ್ಷದಲ್ಲಿ ಮೊದಲ ಸಲ. ಅವನು ನಕ್ಕುಬಿಟ್ಟ.

"ಇಷ್ಟೇನಾ? ಅವರಿಗೆ ಹೋಗಲೇಬೇಕು ಅನ್ನಿಸಿದ್ದರೆ ಹೋಗ್ತಿದ್ದರು ಬಿಡಮ್ಮ."

ಹೋಗುತ್ತಿರಲಿಲ್ಲ. ದೇವರು ಬೇಡ ಎಂದ ಮೇಲೆ ಹೊಸಿಲು ದಾಟುವ ಪೈಕಿಯಲ್ಲ ಆ ಅಜ್ಜಿ. ಆ ಬೀದಿಯಲ್ಲಿ ಅದು ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಗೊತ್ತಿದ್ದೇ ಕಿಟಕಿ ಮುಚ್ಚಿದ್ದೆ.