ಕೆರೆ ನೀರಿನ ಕೆಂಪು ಚೂರುಗಳು

ಇಲವಾಲದ ಕಡೆಯ ಒಂದು ಕೆರೆಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಷ್ಟಿದೆ ಎಂದು ಅಳೆಯುವುದು ನನ್ನ ಸಂಶೋಧನೆಯಾಗಿತ್ತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆಗ ಮೈಸೂರಿನಲ್ಲಿ ಇದನ್ನು ಹೇಳಿದರೆ ಜನ ನಗುತ್ತಿದ್ದರು. ಕ್ಯಾನುಗಳಲ್ಲಿ ನೀರು, ಕೆಸರು ತುಂಬಿಕೊಂಡು ಸಿಟಿ ಬಸ್ಸಿನಲ್ಲಿ ತರುತ್ತಿದ್ದೆ. ಕೆಸರಿಗೆ ಉಪ್ಪುನೀರು ಹಾಕಿಟ್ಟರೆ ಪ್ಲಾಸ್ಟಿಕ್ ಮೇಲೆ ತೇಲುತ್ತದೆ. ಅದನ್ನು ಸೋಸಿ ಮೈಕ್ರೋಸ್ಕೋಪಿನಡಿ ಇಟ್ಟಾಗ ನೀಲಿ ಎಳೆಗಳು, ಬಿಳಿ ಚುಕ್ಕೆಗಳು ಕಂಡವು. ಕೆಲವು ವಾರಗಳ ನಂತರ ಕೆಂಪು ಚೂರುಗಳೂ ಸಿಗತೊಡಗಿದವು. ಖುಷಿಯಿಂದ ನನಗೆ ಊಟವೇ ಸೇರುತ್ತಿರಲಿಲ್ಲ.

ಲ್ಯಾಬಿನಲ್ಲಿ ನನಗಿಂತ ಹಿರಿಯ ಸಂಶೋಧಕರೊಬ್ಬರಿದ್ದರು. ಅಣ್ಣ ಎಂದೇ ಕರೆಯುತ್ತಿದ್ದೆ. ಭಾರದ ಕ್ಯಾನನ್ನು ಮಹಡಿಗೆ ಅವರೇ ಹೊತ್ತು ತರುತ್ತಿದ್ದರು.

ವಿಭಾಗದ ಸೆಮಿನಾರಿನಲ್ಲಿ ಕೆಂಪು ಚೂರುಗಳ ಚಿತ್ರ ತೋರಿಸಿ ಮಾತು ಮುಗಿಸಿದೆ. ಅಣ್ಣ ಎದ್ದು ನಿಂತು, ಜೇಬಿನಿಂದ ಕೆಂಪು ಪ್ಲಾಸ್ಟಿಕ್ ಮಗ್ಗಿನ ಮುರಿದ ಹಿಡಿಯನ್ನೂ ಮರ ಉಜ್ಜುವ ಉಪ್ಪುಕಾಗದದ ಒಂದು ತುಂಡನ್ನೂ ತೆಗೆದರು.

"ಇದನ್ನ ಉಜ್ಜಿ ಉಜ್ಜಿ ನಿನ್ ಕ್ಯಾನಿಗೆ ಹಾಕ್ದೋನು ನಾನೇ ಕಣಮ್ಮ."

ಸಭೆಯೆಲ್ಲ ನಕ್ಕಿತು. ನನ್ನ ಗೈಡ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೆಂಪನ್ನು ಬಿಟ್ಟರೂ ನೀಲಿ ಎಳೆಗಳು ಉಳಿಯುತ್ತವೆ ಎಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಮತ್ತೆ ಒಬ್ಬಳೇ ಹೋಗಿ ನೀರು ತಂದೆ. ಜಯಲಕ್ಷ್ಮಿಪುರಂನ ನಮ್ಮ ಮನೆಯ ಅಡುಗೆಮನೆಯಲ್ಲಿ, ಬಟ್ಟೆಯ ನೈಲಾನ್ ಎಳೆ ಬೀಳಬಾರದೆಂದು ಹತ್ತಿ ಸೀರೆಯುಟ್ಟು, ಬಾಗಿಲು ಹಾಕಿಕೊಂಡು ಸೋಸಿದೆ. ಪಕ್ಕದಲ್ಲೇ ಬರಿಯ ಶುದ್ಧ ನೀರನ್ನೂ ಸೋಸಿದೆ. ಲ್ಯಾಬಿಗೆ ತಂದು ಮೈಕ್ರೋಸ್ಕೋಪಿನಡಿ ನೋಡಿದರೆ ಕೆರೆ ನೀರಿನಲ್ಲಿ ನೀಲಿ ಎಳೆಗಳಿದ್ದವು, ಶುದ್ಧ ನೀರಿನಲ್ಲಿ ಇರಲಿಲ್ಲ. ಎರಡನ್ನೂ ಗೈಡ್ ಮುಂದೆ ಇಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ ಎಂದೆ. ಅವರು ಕುರ್ಚಿಯಿಂದ ಏಳಲಿಲ್ಲ.

"ಇದನ್ನ ಇನ್ಯಾರು ಹಾಕಿದ್ರೋ ಯಾರಿಗ್ಗೊತ್ತು? ಸಾಕು ಬುಡಮ್ಮ. ಬಾಟ್ಲೆಲ್ಲ ತೊಳೆದಿಡು, ಬೇರೆಯವ್ರಿಗೆ ಬೇಕು."

ಅಣ್ಣನ ಎದುರಿಗೇ ಸಿಂಕಿನ ಬಳಿ ನಿಂತು ತೊಳೆದೆ. ವಿಷಯ ಬದಲಾಯಿತು, ಪಾಚಿಯ ಮೇಲೆ ಬರೆದು ಡಿಗ್ರಿ ಪಡೆದೆ. ಆ ಹೊತ್ತಿಗೆ ಅಣ್ಣ ಅದೇ ವಿಭಾಗದಲ್ಲಿ ಮೇಷ್ಟರಾಗಿದ್ದರು. ಡಿಗ್ರಿ ಬಂದ ದಿನ ಕ್ಯಾಂಟೀನಿನಲ್ಲಿ ಸಿಕ್ಕರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

ಅವರು ಕಾಫಿಯನ್ನು ಊದಿ ಆರಿಸುತ್ತಾ ಸಹಜವಾಗಿಯೇ ಹೇಳಿದರು: "ನೀನು ಆಗ ತುಂಬಾ ಖುಷಿಯಾಗಿದ್ದೆ ಕಣಮ್ಮ. ನೋಡಕ್ಕಾಗ್ತಿರ್ಲಿಲ್ಲ."