ಗಂಜಿ ಹೊತ್ತಿಗೆ ಬಂದ ಡಾಕ್ಟ್ರು

ಪಕ್ಕದ ಮನೆಯಲ್ಲಿ ಒಣ ಸಿಗಡಿ ಹುರಿಯುತ್ತಿದ್ದಾರೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಮ್ಮ ಹಳೆಯ ಡಾಕ್ಟ್ರು ನೆನಪಾಗುತ್ತಾರೆ. ಸ್ಪಿರಿಟ್ಟಿನ ವಾಸನೆಗೆ ನೆನಪಾಗಬೇಕಾದವರು, ಏನು ಮಾಡುವುದು...

ಬೈಂದೂರು ಪೇಟೆಯಲ್ಲಿ ಅವರದು ಎರಡು ಬೆಂಚಿನ ಕ್ಲಿನಿಕ್ಕು. ಆಗ ಅಮ್ಮ ಮೀನು ಮಾರುತ್ತಿದ್ದಳು. ಶುಗರ್, ಬಿಪಿ ಎರಡೂ ಒಟ್ಟಿಗೇ ವಕ್ಕರಿಸಿದ್ದವು. ಮಾತ್ರೆ ಬರೆಯುವ ಮೊದಲು ಡಾಕ್ಟ್ರು ಮನೆಯ ಸುದ್ದಿಯನ್ನೆಲ್ಲ ಕೇಳುತ್ತಿದ್ದರು. ನಿದ್ದೆ ಬರುತ್ತದಾ, ಬುಟ್ಟಿ ಹೊತ್ತು ಎಷ್ಟು ದೂರ ನಡೆಯುತ್ತೀರಿ, ಗಂಜಿಗೆ ಏನು ನಂಜಿಕೊಳ್ಳುತ್ತೀರಿ... ರಿಪೋರ್ಟ್ ಚೆನ್ನಾಗಿದ್ದರೆ ತಾವೇ ಪರೀಕ್ಷೆ ಪಾಸಾದವರಂತೆ ಖುಷಿಪಡುತ್ತಿದ್ದರು.

ಆ ಖುಷಿ ಕೆಡಿಸಲು ಅಮ್ಮನಿಗೆ ಮನಸ್ಸಿಲ್ಲ. ಟೆಸ್ಟಿಗೆ ಮೂರು ದಿನ ಇರುವಾಗ ಬೆಲ್ಲದ ಚಾ ಬಿಡುತ್ತಿದ್ದಳು, ಒಣಮೀನು ಮುಟ್ಟುತ್ತಿರಲಿಲ್ಲ, ಅರೆಹೊಟ್ಟೆಯಲ್ಲಿರುತ್ತಿದ್ದಳು. ಟೆಸ್ಟು ಮುಗಿದ ಮಧ್ಯಾಹ್ನವೇ ಮತ್ತೆ ಮೊದಲಿನಂತೆ. ಗೊತ್ತಿದ್ದೂ ನಾನು ಸುಮ್ಮನಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರಿಪೋರ್ಟ್ ಚೆನ್ನಾಗಿದ್ದರೂ, ಬುಟ್ಟಿ ಹೊತ್ತು ನಡೆದು ಅವಳ ಕಾಲಿಗಾಗಿದ್ದ ಗಾಯ ಮಾಯಲಿಲ್ಲ. ಡಾಕ್ಟ್ರಿಗೆ ಅನುಮಾನ ಬಂತು. ಒಂದು ದಿನ ಹೇಳದೆ ಕೇಳದೆ, ಸರಿಯಾಗಿ ಗಂಜಿ ಹೊತ್ತಿಗೆ, ಸ್ಕೂಟರಿನಲ್ಲಿ ಮನೆಗೇ ಬಂದುಬಿಟ್ಟರು. ಅಮ್ಮನ ಬಟ್ಟಲಲ್ಲಿ ಸಿಗಡಿ ಚಟ್ನಿ. ಗದರಲಿಲ್ಲ, ತಾವೂ ಕೂತು ಗಂಜಿ ಉಂಡರು. ಆಮೇಲೆ ಅವಳ ಬೆರಳು ಚುಚ್ಚಿ ಶುಗರ್ ನೋಡಿದರು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಎರಡೂ ಸಿಕ್ಕಾಪಟ್ಟೆ ಏರಿದ್ದವು.

"ನನ್ನ್ ಖುಷಿ ಮಾಡುಕೆ ಉಪಾಸ ಮಾಡ್ಬೇಡಿ ಅಮ್ಮ. ಮನೆಯಗ್ ಹ್ಯಾಂಗ್ ಇರ್ತ್ರಿಯೋ ಹಾಂಗೇ ಬನ್ನಿ. ಕಾಲ್ ಹೋಪುದ್ ನಿಮ್ದ್, ನನ್ದಲ್ಲ."

ಅಮ್ಮ ಅತ್ತಳು. ಅಂದಿನಿಂದ ಮನೆಮಂದಿಗೆಲ್ಲ ಒಂದೇ ಅಡುಗೆ, ಕಡಿಮೆ ಉಪ್ಪು, ಬೆಲ್ಲವಿಲ್ಲದ ಚಾ. ಕಾಲು ಉಳಿಯಿತು.

ಡಾಕ್ಟ್ರು ತೀರಿಕೊಂಡು ನಾಲ್ಕು ಮಳೆಗಾಲ ಕಳೆಯಿತು. ಈಗ ಹೃದಯಕ್ಕೊಬ್ಬರು, ಕಿಡ್ನಿಗೊಬ್ಬರು, ಕಣ್ಣಿಗೊಬ್ಬರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಫೈಲು ಹಿಡಿದು ಬಸ್ಸು ಹತ್ತಿ ಇಳಿದು ನಾನಂತೂ ಸೋತುಹೋಗಿದ್ದೇನೆ. ಅಮ್ಮ ನನಗಿಂತ ಹೆಚ್ಚು ಸೋತಿದ್ದಾಳೆ.

ಮೊನ್ನೆ ಅವಳು ಚಾ ಲೋಟಕ್ಕೆ ಬೆಲ್ಲ ಹಾಕುವುದನ್ನು ಕಂಡು, "ನಾಳೆ ಟೆಸ್ಟ್ ಇತ್ತಲ್ದಾ ಅಮ್ಮ?" ಎಂದೆ.

ಅವಳು ಲೋಟ ಮುಚ್ಚಿಡಲೂ ಇಲ್ಲ. "ಆ ಡಾಕ್ಟ್ರೇ ಇಲ್ಲೆ. ಇನ್ನ್ ಯಾರಿಗಾಯಿ ಬಿಡೂದ್ ಮಗಾ?"

ನನಗಾಗಿ ಬಿಡು ಎನ್ನಬೇಕಿತ್ತು.