ಅಮ್ಮ ಸಾಕ್ಷಿ ಹೇಳಿದ ವರ್ಷ

ಆ ಫೋನ್ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಆಫೀಸು ಎಂದರೆ ಆಗ ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನ ಊಟದ ಮೇಜು. ಅಮ್ಮ ಬಾಲ್ಕನಿಯಲ್ಲಿ ನನಗೆ ಬೆನ್ನು ಮಾಡಿ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಅದು ಅವಳ ಕೋರ್ಟಿನ ಇಂಗ್ಲಿಷು, ಅಳೆದು ತೂಗಿ ಆಡುವಂಥದ್ದು. ನಿವೃತ್ತಿಯಾದ ಮೇಲೆ ನಾನು ಅದನ್ನು ಕೇಳಿರಲಿಲ್ಲ.

ಅಮ್ಮ ಜಿಲ್ಲಾ ನ್ಯಾಯಾಧೀಶೆಯಾಗಿದ್ದವಳು. ಅಪ್ಪ ತೀರಿಕೊಂಡ ಮೇಲೆ ಸ್ವಲ್ಪ ದಿನ ಇದ್ದು ಹೋಗಲೆಂದು ಮಲೇಷ್ಯಾಕ್ಕೆ ಬಂದಿದ್ದಳು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು, ಅವಳು ಇಲ್ಲೇ ಸಿಕ್ಕಿಕೊಂಡಳು. ನನ್ನ ಗಂಡ ಇಲ್ಲಿಯದೇ ಇನ್ನೊಂದು ರಾಜ್ಯದಲ್ಲಿರುವ ಬಯಾನ್ ಲೆಪಾಸ್‌ನ ಫ್ಯಾಕ್ಟರಿಯ ಕಡೆ ಸಿಕ್ಕಿಕೊಂಡಿದ್ದ. ರಾಜ್ಯದಿಂದ ರಾಜ್ಯಕ್ಕೆ ಹೋಗುವುದಕ್ಕೂ ಪೊಲೀಸರ ಅನುಮತಿ ಬೇಕಿತ್ತು. ಹೀಗಾಗಿ ಮನೆಯಲ್ಲಿ ನಾನು, ಅಮ್ಮ, ಎರಡನೇ ಕ್ಲಾಸಿನ ನನ್ನ ಮಗಳು ಮಾತ್ರ.

ಫೋನ್ ಇಟ್ಟು ಒಳಗೆ ಬಂದವಳು ಹುರುಳಿಕಾಯಿ ಮುರಿಯಲು ಕೂತಳು.

"ಯಾರಮ್ಮಾ ಅದು?"

"ವಿಚಾರಣಾ ಸಮಿತಿಯವರು. ಅವರ ಮೇಲೆ ಕೊನೆಗೂ ದೂರು ಹೋಗಿದೆಯಂತೆ. ನಾನು ಸಾಕ್ಷಿ ಹೇಳ್ತೀನಾ ಅಂತ ಕೇಳಿದ್ರು."

ಅವರು ಎಂದರೆ ಹೈಕೋರ್ಟಿನ ಒಬ್ಬ ಹಿರಿಯ ನ್ಯಾಯಮೂರ್ತಿ. ನನ್ನ ಮದುವೆಗೆ ಸ್ವಲ್ಪ ಮುಂಚೆ ಅಮ್ಮನಿಗೆ ಇದ್ದಕ್ಕಿದ್ದಂತೆ ರಾಜ್ಯದ ಇನ್ನೊಂದು ತುದಿಗೆ ವರ್ಗವಾಗಿತ್ತು. ಛತ್ರ ಹಿಡಿಯುವುದರಿಂದ ಸೀರೆ ತರುವವರೆಗೆ ಎಲ್ಲವನ್ನೂ ಅಪ್ಪ ಒಬ್ಬರೇ ಮಾಡಿದ್ದರು. ಯಾಕೆ ವರ್ಗವಾಯಿತೆಂದು ನಮಗೆ ಯಾರೂ ಹೇಳಿರಲಿಲ್ಲ. ಅವತ್ತು ಹುರುಳಿಕಾಯಿ ಮುಂದಿಟ್ಟುಕೊಂಡು ಅಮ್ಮ ಹೇಳಿದಳು.

ಆಗ ಅವಳ ಕೋರ್ಟಿನಲ್ಲಿ ಒಂದು ಕೆರೆಯಂಗಳದ ಕೇಸು ಇತ್ತು. ಬಿಲ್ಡರ್ ಒಬ್ಬ ಅಲ್ಲಿ ಲೇಔಟ್ ಮಾಡಲು ಹೊರಟಿದ್ದ, ಊರಿನವರು ತಡೆಯಾಜ್ಞೆ ತಂದಿದ್ದರು. ಆ ನ್ಯಾಯಮೂರ್ತಿ ಜಿಲ್ಲೆಯ ಉಸ್ತುವಾರಿ ಹೊತ್ತಿದ್ದವರು. ತಪಾಸಣೆಗೆಂದು ಬಂದಾಗ ಅಮ್ಮನನ್ನು ಪ್ರವಾಸಿ ಮಂದಿರಕ್ಕೆ ಕರೆಸಿದರು. ಹೋಗಿ ನೋಡಿದರೆ ಅದೇ ಬಿಲ್ಡರ್ ಅವರ ಎದುರು ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ.

"'ಆ ತಡೆಯಾಜ್ಞೆ ತೆರವು ಮಾಡಿಬಿಡಿ, ನಿಮ್ಮ ಹೆಸರು ಮೇಲಕ್ಕೆ ಹೋಗೋದು ನನ್ನ ಕೈಯಲ್ಲಿದೆ' ಅಂದ್ರು. ಅವನ ಎದುರಿಗೇ. ನಾಚಿಕೆ ಅನ್ನೋದೇ ಇರಲಿಲ್ಲ."

ಅಮ್ಮ ತೆರವು ಮಾಡಲಿಲ್ಲ. ಆ ತಿಂಗಳೇ ವರ್ಗವಾಯಿತು. ಅವಳ ಜಾಗಕ್ಕೆ ಬಂದವರು ತೆರವು ಮಾಡಿದರು.

ಸಮಿತಿ ಅಮ್ಮನನ್ನು ಕರೆದ ಸುದ್ದಿ ಅದು ಹೇಗೆ ಹರಡಿತೋ, ಎರಡೇ ದಿನದಲ್ಲಿ ಫೋನುಗಳು ಶುರುವಾದವು. ಮೊದಲು ಅವಳ ಹಳೆಯ ಸಹೋದ್ಯೋಗಿಯೊಬ್ಬರು. ತುಂಬ ಮೆತ್ತಗಿನ ದನಿ.

"ಮೇಡಂ, ನಿಮಗೆ ಈ ವಯಸ್ಸಲ್ಲಿ ಯಾಕೆ ಈ ತಾಪತ್ರಯ? ನೆನಪಿಲ್ಲ ಅಂದುಬಿಡಿ. ಯಾರೂ ತಪ್ಪು ತಿಳಿಯೋದಿಲ್ಲ. ನಾನೂ ಹಾಗೇ ಅಂದೆ."

ಅವರನ್ನೂ ಕರೆದಿದ್ದರೆಂದು ಅಮ್ಮನಿಗೆ ಗೊತ್ತಾದದ್ದೇ ಆಗ. ಇನ್ನೂ ಒಬ್ಬರು ಹಾಗೆಯೇ ಹಿಂದೆ ಸರಿದಿದ್ದರಂತೆ. ಉಳಿದವಳು ಇವಳೊಬ್ಬಳು.

ಆಮೇಲೆ ಅಣ್ಣನ ಫೋನು. ಅಣ್ಣ ವಕೀಲ, ಅದೇ ಹೈಕೋರ್ಟಿನಲ್ಲಿ. ಅಮ್ಮ ಸ್ಪೀಕರ್ ಹಾಕಿದಳು.

"ನೀನು ಮಲೇಷ್ಯಾದಲ್ಲಿ ಕೂತು ಹೇಳಿಬಿಡ್ತೀಯಮ್ಮ. ದಿನಾ ಅವರ ಮುಂದೆ ಕೈಕಟ್ಟಿ ನಿಲ್ಲೋನು ನಾನು."

"ಗೊತ್ತು ಕಣೋ."

"ಏನು ಗೊತ್ತು? ಈ ಕೊರೊನಾದಲ್ಲಿ ಈಗಲೇ ಕೋರ್ಟಿಲ್ಲ, ಕೇಸಿಲ್ಲ. ಆಫೀಸ್ ಬಾಡಿಗೆ ಕಟ್ಟೋಕೆ ಒದ್ದಾಡ್ತಿದ್ದೀನಿ. ಅವರ ಕಡೆಯವರು ಎಲ್ಲಾ ಬೆಂಚಲ್ಲೂ ಇದ್ದಾರೆ. ನನ್ನ ಹೆಸರು ಕೂಗಿದ ತಕ್ಷಣ ಫೈಲು ಮುಚ್ತಾರೆ."

"ಅಣ್ಣಾ, ಸ್ವಲ್ಪ ಮೆತ್ತಗೆ ಮಾತಾಡು" ಎಂದೆ.

"ನಿಂಗೇನೇ, ನೀನು ಸಾಫ್ಟ್‌ವೇರು" ಎಂದು ಇಟ್ಟೇಬಿಟ್ಟ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

"ಅಜ್ಜಿ, ಆರ್ ಯು ಇನ್ ಟ್ರಬಲ್?"

"ಇಲ್ಲ ಪುಟ್ಟಿ. ಒಂದು ಪರೀಕ್ಷೆ ಇದೆ ಅಷ್ಟೆ."

ಮರುದಿನ ಅಮ್ಮ ಸಮಿತಿಗೆ ಒಪ್ಪಿಗೆ ತಿಳಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ನೀನು ಅವರ ಕಡೆ ವಕೀಲೆ ಅಂದ್ಕೋ. ಕೇಳು. ಕರುಣೆ ತೋರಿಸಬೇಡ."

ನಾನು ಏನೇನೋ ಕೇಳಿದೆ. ಕೊನೆಗೆ ನನಗೇ ತಿಳಿಯಬೇಕಿದ್ದದ್ದನ್ನು ಕೇಳಿದೆ. "ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?"

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಮಗಳ ಮದುವೆ ಗೊತ್ತಾಗಿತ್ತು. ಮಗ ಆಗತಾನೇ ಕರಿಕೋಟು ಹಾಕಿದ್ದ. ಭಯ ಆಯ್ತು."

"ಹೀಗೇ ಹೇಳ್ತೀಯಾ ಅಲ್ಲಿ?"

"ಇನ್ನು ಹೇಗೆ ಹೇಳಲಿ? ನನ್ನ ಕಟಕಟೆಯಲ್ಲಿ ಎಷ್ಟು ಜನ 'ನೆನಪಿಲ್ಲ ಸ್ವಾಮಿ' ಅಂದಿದ್ದಾರೆ. ಅವರ ಮುಖ ನೋಡಿದ್ರೇ ಗೊತ್ತಾಗೋದು, ನೆನಪಿದೆ ಅಂತ."

ಮನೆಯಿಂದ ಹೇಳಿಕೆ ಕೊಡುವಂತಿರಲಿಲ್ಲ. ಪಕ್ಕದಲ್ಲಿ ಕೂತು ಯಾರೂ ಹೇಳಿಕೊಡಬಾರದೆಂದು, ಕೌಲಾಲಂಪುರದಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಯ ಕೊಠಡಿಯಿಂದ ವಿಡಿಯೋದಲ್ಲಿ ಹಾಜರಾಗಬೇಕಿತ್ತು. ಮಗಳನ್ನು ಎದುರು ಮನೆಯ ತಮಿಳು ಆಂಟಿಯ ಬಳಿ ಬಿಟ್ಟು ಹೊರಟೆವು. ಹೆದ್ದಾರಿಯಲ್ಲಿ ಪೊಲೀಸರು ಅಡ್ಡಗಟ್ಟೆ ಹಾಕಿದ್ದರು. ಕಾರುಗಳ ಸಾಲು ಕದಲುತ್ತಲೇ ಇರಲಿಲ್ಲ, ಹೊತ್ತು ಮೀರುತ್ತಿತ್ತು. ಅಮ್ಮ ಹಿಂದಿನ ಸೀಟಿನಲ್ಲಿ ಎರಡೆರಡು ಮಾಸ್ಕ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

ನಮ್ಮ ಸರದಿ ಬಂದಾಗ ಪೊಲೀಸ್ ಹುಡುಗ ಒಳಗೆ ಬಗ್ಗಿ ನೋಡಿದ. "ಟು ಪೀಪಲ್ ಕೆನಾಟ್ ಲಾ. ಆಂಟಿ ಹಾಸ್ಪಿಟಲ್?"

ಆಸ್ಪತ್ರೆಗಾದರೆ ಮಾತ್ರ ಕಾರಿನಲ್ಲಿ ಇಬ್ಬರನ್ನು ಬಿಡುತ್ತಿದ್ದರು; ಹೌದು ಎಂದುಬಿಡಲು ನಾನು ಬಾಯಿ ತೆರೆದೆ. ಹಿಂದಿನಿಂದ ಅಮ್ಮ, "ನೋ. ಐ ಆಮ್ ಎ ವಿಟ್ನೆಸ್" ಎಂದಳು.

ಅವನು ರಾಯಭಾರ ಕಚೇರಿ ಕೊಟ್ಟಿದ್ದ ಪತ್ರವನ್ನು ತೆಗೆದುಕೊಂಡು ಮೇಲಧಿಕಾರಿಯ ಹತ್ತಿರ ಹೋದ. ಇಬ್ಬರೂ ನಮ್ಮ ಕಡೆ ತಿರುಗಿ ತಿರುಗಿ ನೋಡಿದರು. ಕೊನೆಗೆ ಬಂದು ಪತ್ರ ಮರಳಿಸಿ, "ಗೋ, ಗೋ" ಎಂದು ಕೈ ಬೀಸಿದ.

ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಕಾರಿನಲ್ಲೇ ಕಾದೆ. ಅಣ್ಣನಿಂದ ಒಂದೇ ಮೆಸೇಜ್ ಬಂತು: 'ಶುರುವಾಯ್ತಾ?' ಬಿಸಿಲು ನೆತ್ತಿಗೇರಿತು, ಮಳೆ ಬಂತು, ನಿಂತಿತು. ಅಮ್ಮ ಬಂದಾಗ ಮುಖ ಬಿಳಚಿಕೊಂಡಿತ್ತು. ಕಾರಿನಲ್ಲಿ ಕೂತು ನೀರು ಕೇಳಿದಳು. ಕುಡಿದು ಮುಗಿಸಿದ ಮೇಲೆ ಮಾತಾಡಿದಳು.

"ಪರದೆ ಮೇಲೆ ಅವರೂ ಇದ್ರು ಕಣೆ. ಅವರೇ ಪ್ರಶ್ನೆ ಕೇಳಿದ್ರು. ದನಿ ಏನೂ ಬದಲಾಗಿಲ್ಲ."

"ಏನು ಕೇಳಿದ್ರು?"

"ಕೊನೆಗೆ ನಗ್ತಾ ಕೇಳಿದ್ರು, 'ಮೇಡಂ, ನಿಮ್ಮ ಮಗ ನಮ್ಮ ಕೋರ್ಟಲ್ಲೇ ಅಲ್ವಾ ಪ್ರಾಕ್ಟೀಸ್ ಮಾಡೋದು?' ಅಂತ."

"ನೀನೇನಂದೆ?"

"ಸಮಿತಿಯವರ ಕಡೆ ತಿರುಗಿ, ಹೌದು, ದಯವಿಟ್ಟು ಈ ಪ್ರಶ್ನೆಯನ್ನೂ ದಾಖಲಿಸಿಕೊಳ್ಳಿ ಅಂದೆ. ಆಮೇಲೆ ಅವರು ಏನೂ ಕೇಳಲಿಲ್ಲ."

ಆಮೇಲೆ ಕಾದದ್ದೇ ಕಾದದ್ದು. ಅಣ್ಣ ಅಮ್ಮನಿಗೆ ಫೋನ್ ಮಾಡುವುದನ್ನು ಬಿಟ್ಟ. ದೊಡ್ಡ ಕಕ್ಷಿದಾರರಿಬ್ಬರು ಫೈಲು ವಾಪಸ್ ತೆಗೆದುಕೊಂಡರೆಂದು ಅತ್ತಿಗೆಯಿಂದ ತಿಳಿಯಿತು. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಸುದ್ದಿ ಹುಡುಕುತ್ತಿದ್ದಳು. ಒಂದು ದಿನ ನಾನು ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಕಟ್ಟಿಸಿಕೊಂಡ ರೊಟ್ಟಿ ಹಿಡಿದು ಬಂದಾಗ ಅವಳು ಫೋನ್ ನನ್ನ ಮುಂದೆ ತಳ್ಳಿದಳು. ನ್ಯಾಯಮೂರ್ತಿಗಳು ರಾಜೀನಾಮೆ ಕೊಟ್ಟಿದ್ದರು. ವೈಯಕ್ತಿಕ ಕಾರಣ. ಹುದ್ದೆಯಲ್ಲೇ ಇಲ್ಲದವರ ಮೇಲೆ ವಿಚಾರಣೆ ಮುಂದುವರಿಸುವಂತಿಲ್ಲವೆಂದು ಸಮಿತಿ ಅಲ್ಲಿಗೇ ಕೈಬಿಟ್ಟಿತು.

"ಅಂತೂ ಹೋದರಲ್ಲ ಅಮ್ಮ" ಎಂದೆ.

ಅಮ್ಮ ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. "ಒಬ್ಬ ಗ್ರಾಮಲೆಕ್ಕಿಗನನ್ನ ಲಂಚ ತಗೊಂಡ ಅಂತ ನಾನು ಜೈಲಿಗೆ ಕಳಿಸಿದ್ದೆ. ಅವನ ಹೆಂಡತಿ ಕೋರ್ಟ್ ಬಾಗಿಲಲ್ಲಿ ಬಿದ್ದು ಅತ್ತಳು. ರಾಜೀನಾಮೆ ಕೊಟ್ಟು ಮನೆಗೆ ಹೋಗು ಅಂತ ಅವನಿಗೆ ಯಾರಾದರೂ ಹೇಳಿದ್ರಾ? ಇವರು ಪಿಂಚಣಿ ತಗೊಂಡು ತೋಟದಲ್ಲಿ ವಾಕಿಂಗ್ ಮಾಡ್ತಾರೆ." ರೊಟ್ಟಿ ಮುಟ್ಟದೆ ಎದ್ದುಹೋದಳು.

ವಿಮಾನಗಳು ಮತ್ತೆ ಹಾರತೊಡಗಿದಾಗ ಅಮ್ಮ ಹೊರಟಳು. ಇರಬೇಕಾದದ್ದು ಅಣ್ಣನ ಮನೆಯಲ್ಲೇ. ಅವನು ಕರೆದುಕೊಂಡು ಹೋಗಲು ವಿಮಾನ ನಿಲ್ದಾಣಕ್ಕೆ ಬರುತ್ತಾನೋ ಇಲ್ಲವೋ ಎಂಬ ಅನುಮಾನ ನಮ್ಮಿಬ್ಬರಿಗೂ ಇತ್ತು.

ಅವನು ಬಂದಿದ್ದ. ಮರುದಿನ ಅವನೇ ನನಗೆ ಫೋನ್ ಮಾಡಿದ.

"ಕಾರಲ್ಲಿ ಕೂತ ತಕ್ಷಣ ಅಮ್ಮ ಕೇಳಿದ್ಲು ಕಣೆ, ಯಾವ ಯಾವ ಕೇಸು ಕೈಬಿಟ್ಟು ಹೋಯ್ತು, ಒಂದೂ ಬಿಡದೆ ಹೇಳು ಅಂತ. ಹೇಳ್ತಾ ಹೋದೆ. ಮನೆ ಬರೋವರೆಗೂ ಹೇಳಿದೆ. ಒಂದಕ್ಕೂ ಅಡ್ಡ ಮಾತಾಡಲಿಲ್ಲ, ಕೋರ್ಟಲ್ಲಿ ಸಾಕ್ಷಿ ಕೇಳೋ ಹಾಗೆ ಎಲ್ಲಾ ಕೇಳಿಸಿಕೊಂಡ್ಲು."